ಹೊಲದ ಹೆಪ್ಪು

ಬಾಯಿಗೆ ಮಣ್ಣು ಬಿತ್ತು ಎಂದರೆ ಬೇರೆ ಊರುಗಳಲ್ಲಿ ಅನ್ನ ಹೋಯಿತು ಎಂದು ಅರ್ಥ. ನನಗೆ ಅದೇ ಅನ್ನ. ನಮ್ಮೂರಿನ ಹೊಲಗಳ ಮೊಸರು ನೋಡುವ ಕೆಲಸ ನನ್ನದು. ನನಗಿಂತ ಮೊದಲು ಅದು ನಮ್ಮ ಅತ್ತೆ ಗುರುಬಸವ್ವನವರದಾಗಿತ್ತು, ಅವರಿಗಿಂತ ಮೊದಲು ಅವರ ಅತ್ತೆಯದು. ಮಗಳಿಗೆ ಹೋಗುವ ಕೆಲಸವಲ್ಲ ಇದು, ಸೊಸೆಗೇ ಬರಬೇಕು. ಈ ಊರಿನಲ್ಲೇ ಹುಟ್ಟಿ ಇಲ್ಲಿಯ ಕಾಳು ತಿಂದು ಬೆಳೆದ ನಾಲಿಗೆಗೆ ಇಲ್ಲಿಯ ರುಚಿ ಬೇರೆಯಾಗಿ ತಿಳಿಯುವುದಿಲ್ಲ, ಹೊರಗಿನಿಂದ ಬಂದವಳಿಗೆ ಮಾತ್ರ ತಿಳಿಯುತ್ತದೆ ಎಂಬುದು ಹಿರಿಯರ ವಿಚಾರ. ಹೆಣ್ಣು ನೋಡಲು ನಮ್ಮ ಮನೆಗೆ ಬಂದ ದಿನ ಅತ್ತೆ ನನ್ನ ಮುಖವನ್ನು ಸರಿಯಾಗಿ ನೋಡಲೇ ಇಲ್ಲ. ನಾಲಿಗೆ ಚಾಚು ಅಂದರು. ಚಾಚಿದೆ. ಒಂದು ಚಮಚ ಮಜ್ಜಿಗೆ ಬಿಟ್ಟು, ಇದರಲ್ಲಿ ಏನೇನಿದೆ ಅಂದರು. ಹಸಿಶುಂಠಿ ಇದೆ, ಕರಿಬೇವು ಇದೆ, ಸರಿಯಾಗಿ ತೊಳೆಯದ ಸೌಟಿನಿಂದ ಸ್ವಲ್ಪ ಸಾರೂ ಇದೆ ಅಂದೆ. ಸಂಬಂಧ ಅಲ್ಲೇ ಕುದುರಿತು. ಗಂಡಿನ ನಾಲಿಗೆ ಹೇಗಿದೆ ಎಂದು ನಾನೂ ಕೇಳಬೇಕಿತ್ತು, ಕೇಳಲಿಲ್ಲ. ಎಮ್ಮೆಗಳ ಹತ್ತಿರ ಬಿಟ್ಟರೆ ಆತ ಯಾರ ಹತ್ತಿರವೂ ಮಾತಾಡುವುದಿಲ್ಲ ಎಂದು ಮದುವೆಯಾದ ಮೇಲೆ ಗೊತ್ತಾಯಿತು.

ನಮ್ಮೂರಿನ ಮಣ್ಣು ಹಾಲನ್ನು ಹೆಪ್ಪುಗಟ್ಟಿಸುತ್ತದೆ. ಹಳ್ಳ ದಾಟಿ ಆಚೆ ಊರಿನ ಮಣ್ಣು ಹಾಕಿ ನೋಡಿ, ಹಾಲು ಒಡೆದು ನೀರಾಗುತ್ತದೆ. ಆ ಹೊಟ್ಟೆಕಿಚ್ಚಿಗೆ ಅಲ್ಲಿಯವರು ನಮ್ಮನ್ನು ಮಣ್ಣುತಿನ್ನುವವರು ಎಂದು ಆಡಿಕೊಳ್ಳುತ್ತಾರೆ. ಆಡಿಕೊಳ್ಳಲಿ. ಮುಂಗಾರು ಬಿತ್ತನೆಗೆ ಮುಂಚೆ ಒಂದು ಸಲ, ಹಿಂಗಾರಿಗೆ ಮುಂಚೆ ಒಂದು ಸಲ, ಪ್ರತಿಯೊಂದು ಮನೆಯವರೂ ತಮ್ಮ ಹೊಲದ ಗಡಿಗೆಯನ್ನು ಚಾವಣಿಯ ಜಂತಿಯಿಂದ ಇಳಿಸುತ್ತಾರೆ. ಕಾಸಿ ಆರಿಸಿದ ಹಾಲನ್ನು ಅದರಲ್ಲಿ ಹೊಯ್ದು, ಹೊಲದ ನಟ್ಟನಡುವಿನ ಮಣ್ಣನ್ನು ಒಂದು ಚಿಟಿಕೆ ಹಾಕಿ, ಅಲ್ಲೇ ಗುಣಿ ತೋಡಿ, ಗಡಿಗೆಯನ್ನು ಕತ್ತಿನವರೆಗೆ ಹೂತು, ಬಟ್ಟೆ ಕಟ್ಟಿ ಬರುತ್ತಾರೆ. ಮರುದಿನ ಬೆಳಗ್ಗೆ ನಾನು ಖಾಲಿ ಹೊಟ್ಟೆಯಲ್ಲಿ ಹೊಲದಿಂದ ಹೊಲಕ್ಕೆ ಹೋಗಿ ಒಂದೊಂದು ಚಮಚ ತಿನ್ನುತ್ತೇನೆ. ಮಣ್ಣು ತಳಕ್ಕಿಳಿದಿರುತ್ತದೆ, ಹಲ್ಲಿಗೆ ಸಿಗುವುದಿಲ್ಲ.

ಮಣ್ಣಿನೊಳಗೆ ಇದ್ದುಕೊಂಡು ಬೇರುಗಳಿಗೆ ಊಟ ಬಡಿಸುವ ಜೀವಗಳಿಗೆ ನಮ್ಮಲ್ಲಿ ಒಳಗಿನವರು ಎನ್ನುತ್ತಾರೆ. ಹಿಂದೊಮ್ಮೆ ಬಂದಿದ್ದ ಕೃಷಿ ಅಧಿಕಾರಿಯೊಬ್ಬರು ಅವು ಕಣ್ಣಿಗೆ ಕಾಣದಷ್ಟು ಸಣ್ಣವು, ಹೆಸರು ಬ್ಯಾಕ್ಟೀರಿಯಾ ಎಂದು ತಿಳಿಸಿ ಹೇಳಿದರು. ಹೆಸರು ಚೆನ್ನಾಗಿದೆ, ಯಾವ ಕಡೆಯವರು ಎಂದು ಅತ್ತೆ ವಿಚಾರಿಸಿದರು. ಒಳಗಿನವರು ಹೇಗಿದ್ದಾರೆ ಎಂಬುದು ಮೊಸರಿನಲ್ಲಿ ಗೊತ್ತಾಗುತ್ತದೆ. ತಿಂದ ಕೂಡಲೇ ಆಕಳಿಕೆ ಬಂದರೆ ಆ ಹೊಲಕ್ಕೆ ದಣಿವಾಗಿದೆ, ಒಂದು ಬೆಳೆ ಬಿಡಬೇಕು. ಹಲ್ಲು ಜುಮ್ಮೆಂದರೆ ಕಡಲೆಯನ್ನೋ ತೊಗರಿಯನ್ನೋ ಹಾಕಬೇಕು. ಊರ ಹಿರಿಯರಾದ ರುದ್ರಗೌಡರ ಹೊಲದ ಮೊಸರು ತಿಂದರೆ ನಗು ಬರುತ್ತದೆ, ತಡೆಯಲಾಗದ ನಗು. ಅದು ಎಲ್ಲಕ್ಕಿಂತ ಮೇಲಿನ ಲಕ್ಷಣ, ಏನು ಬಿತ್ತಿದರೂ ಬರುತ್ತದೆ ಎಂದು. ಗೌಡರು ಸ್ವತಃ ನಗುವ ಪೈಕಿ ಅಲ್ಲ. ಆದರೂ ನಾನು ಚಮಚ ಬಾಯಿಗಿಟ್ಟು ನಗುವುದನ್ನು ಬದುವಿನ ಮೇಲೆ ನಿಂತು ಗಂಭೀರವಾಗಿ ಕಾಯುತ್ತಿದ್ದರು.

ಇಂಥ ಊರಿನಲ್ಲಿ ಬದುಕುವುದು ಹೇಗೋ ಹಾಗೆ ನಾವು ಬದುಕುತ್ತೇವೆ. ಹೊಲದಲ್ಲಿ ಯಾರೂ ಜಗಳವಾಡುವುದಿಲ್ಲ, ಬದುವಿಗೆ ಬಂದು ಆಡುತ್ತಾರೆ. ಗಂಡು ನೋಡಲು ಹೋದವರು ಹುಡುಗನನ್ನು ಆಮೇಲೆ ನೋಡಿ ಮೊದಲು ಅವನ ಹೊಲದ ಮೊಸರು ತಿನ್ನುತ್ತಾರೆ. ಹೊಲದ ಗಡಿಗೆಯಲ್ಲಿ ಬೇರೆ ಏನನ್ನೂ ಇಡುವುದಿಲ್ಲ, ಬೂದಿ ಹಾಕಿ ತಿಕ್ಕುವುದಿಲ್ಲ, ಬರಿ ನೀರಿನಲ್ಲಿ ಜಾಲಿಸಿ ಜಂತಿಗೆ ಕಟ್ಟುತ್ತಾರೆ. ಅಜ್ಜನಿಂದ ಅಪ್ಪನಿಗೆ, ಅಪ್ಪನಿಂದ ಮಗನಿಗೆ ಅದೇ ಗಡಿಗೆ. ಅಣ್ಣತಮ್ಮಂದಿರು ಪಾಲಾಗುವಾಗ ಹೊಲ ಹಂಚಿಕೊಳ್ಳುವುದು ಅರ್ಧ ಗಂಟೆಯ ಕೆಲಸ, ಗಡಿಗೆ ಯಾರಿಗೆ ಎಂಬುದಕ್ಕೆ ವರ್ಷಗಟ್ಟಲೆ ಮುಖ ನೋಡದವರಿದ್ದಾರೆ. ಇದಕ್ಕೆಲ್ಲ ಮೇಲೆ ಒಂದು ಕಟ್ಟಳೆ. ಯಾವ ಹೊಲದ ಹಾಲು ಹಾಲಾಗಿಯೇ ಉಳಿಯುತ್ತದೋ ಆ ಹೊಲ ಸುಮ್ಮನಿದೆ ಎನ್ನುತ್ತೇವೆ. ಬೆನ್ನುಬೆನ್ನಿಗೆ ಎರಡು ಸಲ ಸುಮ್ಮನಿದ್ದರೆ ಅದಕ್ಕೆ ನೇಗಿಲು ಹಚ್ಚುವಂತಿಲ್ಲ. ಒಳಗಿನವರು ತಿರುಗಿ ಬರುವವರೆಗೆ, ಎಷ್ಟು ವರ್ಷವಾದರೂ ಸರಿ, ದನ ಮೇಯಲು ಬಿಡಬೇಕು.

ದುಂಡವ್ವನ ಹೊಲ ಮುಂಗಾರಿಗೆ ಸುಮ್ಮನಿತ್ತು. ಅವಳು ಗಂಡನ ಮನೆ ಬಿಟ್ಟು ತವರಿಗೆ ಬಂದವಳು. ಯಾಕೆ ಬಿಟ್ಟೆ ಎಂದು ಕೇಳಿದವರಿಗೆಲ್ಲ, ಅಲ್ಲಿ ಹೊಲಕ್ಕೆ ಹೋಗಲು ಬಿಡುತ್ತಿರಲಿಲ್ಲ ಎಂದಷ್ಟೇ ಹೇಳುತ್ತಿದ್ದಳು. ಅಪ್ಪ ತೀರಿಕೊಂಡ ಮೇಲೆ ಅವಳೂ ಅಣ್ಣ ಯಮನಪ್ಪನೂ ಹೊಲವನ್ನು ಸರಿಪಾಲು ಮಾಡಿಕೊಂಡು ನಡುವೆ ಬದು ಹಾಕಿದರು. ಮಣ್ಣಿಗೆ ತಕರಾರು ಬರಲಿಲ್ಲ, ಗಡಿಗೆಗೆ ಬಂತು. ಹಿರಿಯರು ಕೂತು ಗಡಿಗೆ ಹಿರಿಮಗನದು ಎಂದು ತೀರ್ಮಾನಿಸಿದರು. ಗಡಿಗೆ ಸಿಗದವರು ಯಾರದೋ ಹಳೆಯದನ್ನು ಕೇಳಿ ತರುವುದು ರೂಢಿ, ದುಂಡವ್ವ ಮಾತ್ರ ಕುಂಬಾರರ ಮನೆಯಿಂದ ಕೆಂಪಗಿನ ಹೊಸ ಗಡಿಗೆ ತಂದಳು, ಬೆರಳಿನಿಂದ ಬಾರಿಸಿದರೆ ಟಣ್ ಅನ್ನುವಂಥದು. ಆ ದಿನದಿಂದ ಅಣ್ಣತಂಗಿಯ ನಡುವೆ ಮಾತು ನಿಂತಿತು.

ಮುಂಗಾರಿನ ಬೆಳಗ್ಗೆ ನಾನು ಮೊದಲು ಯಮನಪ್ಪನ ಹೊಲಕ್ಕೆ ಹೋದೆ. ಕಲ್ಲಿನಂಥ ಗಟ್ಟಿ ಮೊಸರು. ಆ ಮನೆಯ ಮೊಸರು ತಿಂದರೆ ಹಾಡು ಗುನುಗಬೇಕೆನಿಸುತ್ತದೆ, ಅವರಪ್ಪನ ಕಾಲದಿಂದಲೂ ಹಾಗೇ. ಗುನುಗುತ್ತಲೇ ಬದು ದಾಟಿದೆ. ದುಂಡವ್ವನ ಗಡಿಗೆಯ ಬಟ್ಟೆ ಬಿಚ್ಚಿದರೆ ಹಾಲು, ಇಟ್ಟ ಹಾಗೇ ಇದೆ. ಬದುವಿನ ಈ ಕಡೆ ಒಂದು ಕಾಲು, ಆ ಕಡೆ ಒಂದು ಕಾಲು ಇಟ್ಟು ಬಹಳ ಹೊತ್ತು ನಿಂತೆ. ಅದೇ ಮಣ್ಣು, ಅದೇ ಬಣ್ಣ. ಮೊನ್ನೆಯವರೆಗೆ ಒಂದೇ ಹೊಲ. ಒಂದು ಮೊಳದಗಲದ ಬದು ಬಿದ್ದ ಕೂಡಲೇ ಒಳಗಿನವರು ಹೇಗೆ ಗೊತ್ತುಮಾಡಿಕೊಂಡು ಅಣ್ಣನ ಕಡೆ ಸರಿದರು? ಊರಿನವರಿಗೆ ಉತ್ತರ ಸಿದ್ಧವಿತ್ತು. ಗಂಡನನ್ನು ಬಿಟ್ಟು ಬಂದವಳು, ಮಣ್ಣು ಒಪ್ಪಲಿಲ್ಲ ಅಂದರು. ನನಗೆ ಆ ಉತ್ತರ ಗಂಟಲಲ್ಲಿ ಇಳಿಯಲಿಲ್ಲ. ಮಣ್ಣಿಗೆ ಮಂದಿಯ ಸಂಸಾರ ಕಟ್ಟಿಕೊಂಡು ಏನಾಗಬೇಕು?

ಆದರೆ ಕಂಡದ್ದನ್ನು ಹೇಳಲೇಬೇಕು, ಹೇಳಿದೆ. ದುಂಡವ್ವ ಅಳಲಿಲ್ಲ. ಹೆಸರುಕಾಳು ಬಿತ್ತಿದಳು. ಅದು ಅಣ್ಣನ ಬೆಳೆಯಷ್ಟೇ ಬಂತು. ಕಾಯಿ ಬಿಡಿಸಿದ ಮೇಲೆ ಬಳ್ಳಿಯನ್ನು ಮನೆಗೆ ತರದೆ ಮಣ್ಣಿಗೇ ಸೇರಿಸಿದಳು. ಕುರಿಗಾರರಿಗೆ ಜೋಳ ಕೊಟ್ಟು ಹೊಲದಲ್ಲಿ ಕುರಿ ನಿಲ್ಲಿಸಿದಳು. ಎಲ್ಲರ ಹಿತ್ತಿಲಿನ ಕಸ, ಉದುರಿದ ಎಲೆ, ಹಳೆಯ ಸಗಣಿಗೊಬ್ಬರ ಬುಟ್ಟಿಯಲ್ಲಿ ಹೊತ್ತು ಹಾಕಿದಳು. ಅತ್ತ ಯಮನಪ್ಪ, ಹೊಲ ಹಾಡು ಹಾಡುತ್ತಿದೆ ಎಂದು ನಾನು ಹೇಳಿದ ಧೈರ್ಯದ ಮೇಲೆ, ಚೀಲದ ಸರಕಾರಿ ಗೊಬ್ಬರ ಚೆಲ್ಲಿ ಕಳೆನಾಶಕ ಹೊಡೆದು ಕಟ್ಟೆಯ ಮೇಲೆ ಕೂತ. ತಪ್ಪು ಅವನೊಬ್ಬನದೇ ಅಲ್ಲ. ಮೊಸರು ಚೆನ್ನಾಗಿದೆ ಎಂದ ಮೇಲೆ ಊರೆಲ್ಲ ಹಾಗೇ ಮಾಡುತ್ತಿತ್ತು. ಇಳುವರಿ ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಿದ್ದರೆ ಮಳೆಯನ್ನು ಬೈಯುತ್ತಿದ್ದೆವು, ಬೀಜವನ್ನು ಬೈಯುತ್ತಿದ್ದೆವು.

ಹಿಂಗಾರು ಬಂತು. ಈ ಸಲವೂ ಸುಮ್ಮನಿದ್ದರೆ ದುಂಡವ್ವನ ಹೊಲ ದನದ ಪಾಲು. ಬೇರೆ ಆಸರೆ ಅವಳಿಗಿರಲಿಲ್ಲ. ಗಂಡನ ಮನೆಗೆ ಹಿಂದಿರುಗಬೇಕು, ಇಲ್ಲ ಅಣ್ಣನ ಹೊಲದಲ್ಲಿ ಕೂಲಿ ಮಾಡಬೇಕು. ಬೆಳಗ್ಗೆ ನಾನು ಹೋಗುವಷ್ಟರಲ್ಲಿ ಗಡಿಗೆಯ ಪಕ್ಕ ಕೂತಿದ್ದಳು, ಬಟ್ಟೆ ಬಿಚ್ಚಿರಲಿಲ್ಲ. ನಾನು ಬಿಚ್ಚಿದೆ. ಮತ್ತೆ ಹಾಲು. ಕೈಯಲ್ಲಿ ಒಂದು ಹಿಡಿ ಮಣ್ಣು ತೆಗೆದು ಮೂಸಿದೆ. ಮೊದಲ ಮಳೆ ಬಿದ್ದಾಗ ಬರುವ ವಾಸನೆ, ಬಿಸಿಲಿನಲ್ಲೂ ಇತ್ತು. ಎರೆಹುಳು ಬೆರಳಿಗೆ ಸುತ್ತಿಕೊಂಡಿತು. ಬದು ದಾಟಿ ಯಮನಪ್ಪನ ಮಣ್ಣು ಮೂಸಿದರೆ ಸುಣ್ಣದ ಡಬ್ಬಿ ಮೂಸಿದ ಹಾಗಾಯಿತು, ಆದರೆ ಅವನ ಮೊಸರು ಎಂದಿನಂತೆ ಗಟ್ಟಿ. ಮೂಗು ಒಂದು ಹೇಳುತ್ತದೆ, ನಾಲಿಗೆ ಇನ್ನೊಂದು. ಎರಡೂ ನನ್ನವೇ, ಯಾವುದನ್ನು ನಂಬಲಿ?

“ಅಕ್ಕಾ, ಹೇಳಿಬಿಡ್ರಿ,” ಅಂದಳು ದುಂಡವ್ವ. “ನಿಮಗೂ ಸಂಕಟ, ನನಗೂ ಸಂಕಟ.”

“ಇವತ್ತ ಹೇಳಂಗಿಲ್ಲ,” ಅಂದೆ. ಹಾಗೆ ಯಾವತ್ತೂ ಯಾರೂ ಅಂದದ್ದಿಲ್ಲ. ಯಮನಪ್ಪನ ಮೊಸರನ್ನು ಅವನ ಹೆಂಡತಿಯ ಪಾತ್ರೆಗೆ ಬಗ್ಗಿಸಿಕೊಟ್ಟು, ದುಂಡವ್ವನ ಹಾಲನ್ನು ಬದುವಿಗೆ ಚೆಲ್ಲಿ, ಎರಡೂ ಗಡಿಗೆ ಸೊಂಟಕ್ಕಿಟ್ಟುಕೊಂಡು ಮನೆಗೆ ಬಂದೆ. ಎರಡನ್ನೂ ಎದುರಿಗಿಟ್ಟುಕೊಂಡು ಯೋಚನೆ ಮಾಡಬೇಕೆಂದಿತ್ತು. ಆದರೆ ಊರ ಕಟ್ಟೆಗೆ ಕರೆ ಬಂತು. ಯಾಕೆ ಹೇಳಲಿಲ್ಲ, ಯಾರ ಮುಲಾಜು ಎಂದು ಗೌಡರು ಕೇಳಿದರು, ನಾಳೆ ಹೇಳುತ್ತೇನೆ ಎಂದು ಕಾಡಿಬೇಡಿ ಒಪ್ಪಿಸಿ ಬರುವಷ್ಟರಲ್ಲಿ ದೀಪ ಹಚ್ಚುವ ಹೊತ್ತಾಗಿತ್ತು. ಪಕ್ಕದ ಮನೆಯವಳು ಹೆಪ್ಪಿಗೆ ಮಜ್ಜಿಗೆ ಕೇಳಲು ಬಂದು ಅತ್ತೆಯ ಹತ್ತಿರ ಬೈಸಿಕೊಳ್ಳುತ್ತಿದ್ದಳು. ದೀಪ ಹಚ್ಚಿದ ಮೇಲೆ ನಮ್ಮ ಮನೆಯಿಂದ ಹೆಪ್ಪು ಹೊರಗೆ ಹೋಗಕೂಡದು, ದೇವರೇ ಬಂದು ಕೇಳಿದರೂ ಅತ್ತೆ ಕೊಡುವುದಿಲ್ಲ. ನಾನು ಅದೇ ತಲೆಬಿಸಿಯಲ್ಲಿ ಮಲಗಿಬಿಟ್ಟೆ.

ಬೆಳಗ್ಗೆ ಎಚ್ಚರವಾದದ್ದು ಹಾಡಿಗೆ. ಅಡುಗೆಮನೆಯಲ್ಲಿ ಯಾರೋ ಬೀಸುವ ಹಾಡಿನ ಧಾಟಿಯನ್ನು ಗುನುಗುತ್ತಿದ್ದರು. ನಮ್ಮ ಮನೆಯಲ್ಲಿ ಹಾಡುವವರು ಯಾರೂ ಇಲ್ಲ. ಹೋಗಿ ನೋಡಿದರೆ ಅತ್ತೆ. ಅವರು ಈಗೀಗ ಒಂದು ತುತ್ತು ತಿಂದರೆ ತಿಂದರು, ಇಲ್ಲವಾದರೆ ಇಲ್ಲ. ಹಸಿವು ನನ್ನನ್ನು ಮರೆತುಬಿಟ್ಟಿದೆ ಎನ್ನುತ್ತಿದ್ದರು. ಊರಿನ ಮೊಸರೆಲ್ಲ ರುಚಿ ನೋಡಿದ ನಾಲಿಗೆಗೆ ಈಗ ಗಂಜಿ ಕುಡಿಯಲೂ ರಗಳೆ. ಅಂಥವರು ಒಂದು ಬಟ್ಟಲು ಮುಂದಿಟ್ಟುಕೊಂಡು, ತಲೆಯಾಡಿಸುತ್ತ ಗುನುಗುತ್ತಿದ್ದರು. ಪಕ್ಕದಲ್ಲಿ ಯಮನಪ್ಪನ ಗಡಿಗೆ, ಅದರ ಪಕ್ಕ ದುಂಡವ್ವನ ಗಡಿಗೆ.

ಏನಾಯಿತೆಂದರೆ, ರಾತ್ರಿ ಹಾಲು ಜಾಸ್ತಿಯಾಗಿ ಸ್ಟೀಲಿನ ಪಾತ್ರೆ ತುಂಬಿತ್ತು. ಅತ್ತೆಗೆ ಕಣ್ಣು ಮಂಜು. ಎದುರಿಗೆ ಎರಡು ಗಡಿಗೆ ಖಾಲಿ ಕಂಡವು, ಜಾಲಿಸಿ ಹಾಲು ಹೊಯ್ದಿಟ್ಟರು. ಮಜ್ಜಿಗೆ ಹಾಕಲಿಲ್ಲ, ಮಣ್ಣು ಹಾಕುವ ಮಾತೇ ಇಲ್ಲ. ದುಂಡವ್ವನ ಗಡಿಗೆಯಲ್ಲಿ ಹಾಲು ಹಾಲಾಗಿಯೇ ಇತ್ತು. ಯಮನಪ್ಪನ ಗಡಿಗೆಯಲ್ಲಿ ಕಲ್ಲಿನಂಥ ಮೊಸರು. ನಾನು ಒಂದು ಚಮಚ ತಿಂದೆ. ಗಂಟಲಲ್ಲಿ ತಾನಾಗಿ ಹಾಡು ಎದ್ದಿತು. ಹೊಲ ಇಲ್ಲ, ಮಣ್ಣಿಲ್ಲ, ಆದರೆ ಹಾಡು ಅದೇ.

ಅತ್ತೆಯನ್ನು ಕೂರಿಸಿ ಹೇಳಿದೆ. ಹಾಡುತ್ತಿದ್ದದ್ದು ಹೊಲವಲ್ಲ, ಗಡಿಗೆ. ಯಾವ ಅಜ್ಜನ ಕಾಲದಲ್ಲೋ ಒಳಗಿನವರು ಈ ಗಡಿಗೆಯ ಸಂದುಗಳಲ್ಲಿ ಸೇರಿಕೊಂಡು ಅಲ್ಲೇ ಮನೆ ಮಾಡಿದ್ದಾರೆ. ನಾವು ಬೂದಿ ಹಾಕಿ ತಿಕ್ಕದೆ ಅವರನ್ನು ಜೋಪಾನ ಮಾಡುತ್ತ ಬಂದೆವು. ಹೊಸ ಗಡಿಗೆಯವಳ ಹೊಲವನ್ನು ಮಾತ್ರ ನಾನು ನಿಜವಾಗಿ ನೋಡಿದ್ದು. ಉಳಿದವರದ್ದು ಯಾರದೂ ನೋಡಿಲ್ಲ. ಅತ್ತೆ ಗುನುಗುವುದನ್ನು ನಿಲ್ಲಿಸಲು ಬಾಯಿಗೆ ಸೆರಗು ಒತ್ತಿ ಹಿಡಿದರು. ಅವರಿಗೆ ಸಿಟ್ಟು ಬರಬಹುದು, ಅಥವಾ ಇದನ್ನು ಇಲ್ಲಿಗೇ ಮುಚ್ಚಿಡು ಎನ್ನಬಹುದು ಎಂದು ನಾನು ಹೆದರಿದ್ದೆ. ಇಡೀ ಊರು ಅವರ ನಾಲಿಗೆಗೆ ಕೈ ಮುಗಿದಿತ್ತು.

“ಅಂದ್ರ ನಾ ಇಷ್ಟ ವರ್ಷ ಗಡಿಗಿ ರುಚಿ ನೋಡೀನಿ,” ಅಂದರು. ಆಮೇಲೆ ನನ್ನ ಮೊಣಕೈ ಹಿಡಿದುಕೊಂಡು, “ಹಂಗಾರ ಮಣ್ಣಿನ ರುಚಿ ಹೆಂಗಿರತೈತಿ ಸಾತವ್ವಾ? ನಾವಿಬ್ರೂ ನೋಡೇ ಇಲ್ಲಲ್ಲ,” ಅಂದರು. ಅವರ ಮಂಜುಗಣ್ಣಿನಲ್ಲಿ ಹೊಸದಾಗಿ ಬಂದ ಸೊಸೆಗಿರುವಂಥ ಆಸೆಯಿತ್ತು. ನನಗೆ ಅವರ ಮೇಲೆ ಅಷ್ಟು ಪ್ರೀತಿ ಹಿಂದೆಂದೂ ಬಂದಿರಲಿಲ್ಲ.

ಕಟ್ಟೆಯಲ್ಲಿ ಹೇಳಿದಾಗ ಯಾರೂ ನಂಬಲಿಲ್ಲ. ದುಂಡವ್ವನ ಪರ ವಹಿಸಿ ಕಥೆ ಕಟ್ಟಿದ್ದೇನೆ ಎಂದು ಯಮನಪ್ಪನೇ ಅಂದ. ನಮ್ಮಜ್ಜನ ಗಡಿಗೆಗೆ ಹೆಸರಿಡುವಷ್ಟು ದೊಡ್ಡವಳಾದೆಯಾ ಎಂದು ಗೌಡರು ಎದ್ದು ನಿಂತರು. ನಾನು ವಾದಕ್ಕೆ ಹೋಗಲಿಲ್ಲ. ನನ್ನನ್ನು ನಂಬುವುದು ಬೇಡ, ಇವತ್ತು ಸಂಜೆ ನಿಮ್ಮ ನಿಮ್ಮ ಗಡಿಗೆಗೆ ನಿಮ್ಮ ಮನೆಯಲ್ಲೇ ಬರಿ ಹಾಲು ಹೊಯ್ದು, ಏನೂ ಹಾಕದೆ ಮುಚ್ಚಿಡಿ, ಬೆಳಗ್ಗೆ ನೀವೇ ತಿನ್ನಿ ಅಂದೆ.

ಮರುದಿನ ಹೊತ್ತು ಏರಿದರೂ ಬೀದಿಯಲ್ಲಿ ಒಬ್ಬರೂ ಇಲ್ಲ. ಎಲ್ಲರೂ ತಮ್ಮದೊಂದೇ ಗಡಿಗೆ ಮಣ್ಣಿಲ್ಲದೆ ಹೆಪ್ಪಾಗಿದೆ ಎಂದುಕೊಂಡು ಬಾಗಿಲು ಹಾಕಿಕೊಂಡಿದ್ದರು. ಕೊನೆಗೆ ನಮ್ಮ ಮನೆಯ ಬಾಗಿಲು ಬಡಿದವರು ರುದ್ರಗೌಡರು. ಒಂದು ಕೈಯಲ್ಲಿ ಬಟ್ಟಲು, ಇನ್ನೊಂದು ಕೈಯಲ್ಲಿ ಚೌಕಟ್ಟು ಹಿಡಿದುಕೊಂಡು ನಗುತ್ತಿದ್ದರು. ಜೀವಮಾನದಲ್ಲಿ ನಗದ ಮನುಷ್ಯ, ಹೊಟ್ಟೆ ಹಿಡಿದುಕೊಂಡು, ರುಮಾಲು ಜಾರಿದ್ದೂ ಗೊತ್ತಿಲ್ಲದೆ ನಗುತ್ತಿದ್ದರು. ಕಣ್ಣಿಂದ ಧಾರೆಯಾಗಿ ನೀರು ಇಳಿಯುತ್ತಿತ್ತು, ಅದು ನಗುವಿನದೊಂದೇ ಆಗಿರಲಿಲ್ಲ.

“ಸಾತವ್ವಾ,” ಅಂದರು ಉಸಿರು ಎಳೆದುಕೊಳ್ಳುತ್ತ, “ನನ್ನ ಹೊಲ ಹೆಂಗೈತಿ ಅಂತ ನನಗ ಗೊತ್ತಿಲ್ಲವ್ವಾ. ಏನೂ ಗೊತ್ತಿಲ್ಲ.”

ಅವರನ್ನು ಜಗಲಿಯ ಮೇಲೆ ಕೂರಿಸಿ ನೀರು ಕೊಟ್ಟೆ. ನಗು ಇಳಿದ ಮೇಲೆ ಅವರೇ ಕುಂಬಾರರ ಓಣಿಗೆ ಹೋಗಿ ಊರಿಗಾಗುವಷ್ಟು ಹೊಸ ಗಡಿಗೆ ಸುಡಲು ಹೇಳಿ ಬಂದರು.

ಗಡಿಗೆ ಸುಟ್ಟು ಆರುವವರೆಗೆ ಬಿತ್ತನೆ ನಿಂತಿತು. ಹದ ತಪ್ಪುತ್ತದೆ ಎಂದು ಜನ ಚಡಪಡಿಸಿದರು, ಆದರೆ ಗೊತ್ತಿಲ್ಲದ ಹೊಲಕ್ಕೆ ಬೀಜ ಹಾಕಲು ಯಾರ ಕೈಯೂ ಏಳಲಿಲ್ಲ. ಗಡಿಗೆ ಬಂದ ಸಂಜೆ ಊರೆಲ್ಲ ಹೊಲದಲ್ಲಿತ್ತು. ಹೊಸ ಗಡಿಗೆ, ಹೊಸ ಬಟ್ಟೆ, ಒಂದೊಂದು ಚಿಟಿಕೆ ಮಣ್ಣು. ನನಗೆ ಆ ರಾತ್ರಿ ನಿದ್ದೆ ಬರಲಿಲ್ಲ ಎಂದರೆ ಹೆದರಿಕೆಯಿಂದಲ್ಲ, ನಿಜವಾಗಿ ಕುತೂಹಲದಿಂದ. ಮೊದಲ ಸಲ ಕೆಲಸಕ್ಕೆ ಹೋಗುವವಳ ಹಾಗೆ ನಾಲಿಗೆ ತಿಕ್ಕಿ ತಿಕ್ಕಿ ತೊಳೆದುಕೊಂಡು ಬೆಳಗ್ಗೆ ಹೊರಟೆ.

ಗೌಡರ ಹೊಲದಲ್ಲಿ ಹಾಲು. ಅದರಾಚೆ ಹಾಲು. ಕೆರೆಯ ಕೆಳಗಿನ ಹೊಲಗಳಲ್ಲಿ ಹಾಲು, ಯಮನಪ್ಪನಲ್ಲಿ ಹಾಲು, ದುಂಡವ್ವನಲ್ಲಿ ಹಾಲು. ಊರಿಗೆ ಊರೇ ಸುಮ್ಮನಿತ್ತು. ನನ್ನ ಹಿಂದೆ ಬರುತ್ತಿದ್ದ ಜನರ ಗದ್ದಲ ಮೊದಲು ಕಡಿಮೆಯಾಯಿತು, ಆಮೇಲೆ ನನ್ನ ಮೇಲೆ ತಿರುಗಿತು. ಇದ್ದದ್ದನ್ನೂ ಕಳೆದೆ, ಹಳೆಯ ಗಡಿಗೆಯಲ್ಲಿ ಸುಖವಾಗಿದ್ದೆವು, ಇನ್ನು ಇಡೀ ಊರನ್ನು ದನಕ್ಕೆ ಬಿಡುವುದಾ ಎಂದು ಬಾಯಿಗೆ ಬಂದ ಹಾಗೆ ಅಂದರು. ಕೆಲವರು ಸಿಟ್ಟಿನಿಂದ ಗಡಿಗೆ ಕಿತ್ತು ಹಾಲನ್ನು ಬೇವಿನ ಬುಡಕ್ಕೆ ಸುರಿದರು. ನನ್ನ ಮೂಗು ಮಾತ್ರ, ಇಲ್ಲ, ಆ ಹುಡುಗಿಯ ಮಣ್ಣು ಹಾಗಿಲ್ಲ ಎಂದು ಹಟ ಹಿಡಿದಿತ್ತು.

ಎಲ್ಲರೂ ಹೋದ ಮೇಲೆ ನೋಡಿದರೆ ದುಂಡವ್ವ ತನ್ನ ಗಡಿಗೆಯ ಬಟ್ಟೆಯನ್ನು ಮತ್ತೆ ಕಟ್ಟುತ್ತಿದ್ದಳು. ಯಾಕೆ ತಂಗಿ, ತೆಗೆಯುವುದಿಲ್ಲವೇ ಎಂದು ಕೇಳಿದೆ.

“ಮುಂಗಾರಿಗೂ ಸುಮ್ಮನೈತಿ ಅಂದ್ರಿ, ಅಕ್ಕಾ. ಆದ್ರೂ ಹೆಸರು ಬಂತಲ್ಲ,” ಅಂದಳು. “ನೀವು ಹೊತ್ತು ಮೂಡೂದ್ರಾಗ ಕೇಳಾಕ ಬರ್ತೀರಿ. ಹಳೀ ಗಡಿಗಿಗೆ ಅವಸರದ ರೂಢಿ ಇತ್ತೇನೋ. ನನ್ನ ಮಣ್ಣಿಗೆ ಇನ್ನೊಂದಿಷ್ಟ ಹೊತ್ತು ಬೇಕೇನೋ. ಇರಲಿ ಬಿಡ್ರಿ, ನನಗೇನ ಬ್ಯಾರೆ ಕೆಲಸ ಐತಿ?”

ಇಷ್ಟು ಸಣ್ಣ ವಿಷಯ ನನಗೆ ಹೊಳೆಯಲಿಲ್ಲವಲ್ಲ ಎಂದು ಮೈಯೆಲ್ಲ ಉರಿಯಿತು. ಬೆಳಗ್ಗೆಯೇ ನೋಡಬೇಕೆಂದು ಯಾರು ಹೇಳಿದ್ದು? ಗಡಿಗೆಯ ಅಭ್ಯಾಸವನ್ನೇ ನಾವು ಮಣ್ಣಿನ ಮೇಲೆ ಹೇರಿದ್ದೆವು. ಬದುವಿನ ಆಚೆ ಯಮನಪ್ಪ ನಿಂತು ಎಲ್ಲ ಕೇಳಿಸಿಕೊಳ್ಳುತ್ತಿದ್ದ. ತಂಗಿಯ ಕಡೆ ನೋಡದೆ, ಕಿತ್ತು ಇನ್ನೂ ಹಾಲು ಚೆಲ್ಲದಿದ್ದ ತನ್ನ ಗಡಿಗೆಯನ್ನು ಮತ್ತೆ ಗುಣಿಯಲ್ಲಿಟ್ಟ.

ಮರುದಿನ ಸಂಜೆ ದುಂಡವ್ವ ನಮ್ಮ ಅಂಗಳಕ್ಕೆ ಬಂದಳು. ಬಾಗಿಲಲ್ಲಿ ನಿಂತು ನನ್ನ ಮುಖ ನೋಡಿದಳು, ನಾನು ಚಮಚ ತೆಗೆದುಕೊಂಡೆ. ಅತ್ತೆ ತಾವೂ ಬರುತ್ತೇನೆಂದರು. ಅವರು ಹೊಸ್ತಿಲು ದಾಟಿ ಎಷ್ಟೋ ಕಾಲವಾಗಿತ್ತು. ಬೇಡವೆಂದರೆ ಕೇಳಲಿಲ್ಲ, ಮೊದಲ ಚಮಚ ತಮ್ಮದೇ ಎಂದು ಕೋಲು ಕುಟ್ಟಿದರು. ನಮ್ಮ ಯಜಮಾನರು ಚಕ್ಕಡಿ ಹೂಡಿದರು.

ಬಟ್ಟೆ ಬಿಚ್ಚಿದಾಗ ಗಡಿಗೆಯ ಮೇಲೆ ತೆಳ್ಳಗೆ ನೀರು ನಿಂತಿತ್ತು, ಅದರ ಕೆಳಗೆ ಮೊಸರು. ಯಮನಪ್ಪನ ಹಳೆಯ ಗಡಿಗೆಯದಷ್ಟು ಗಟ್ಟಿಯಲ್ಲ. ಚಮಚ ತಾಗಿದರೆ ನಡುಗುವಂಥ ಎಳೆ ಮೊಸರು. ಗಡಿಗೆ ಕಿತ್ತು ಬದುವಿಗೆ ತಂದೆ, ಅತ್ತೆ ಅಲ್ಲಿ ಕೂತು ಬಾಯಿ ತೆರೆದರು. ನಾನು ಒಂದು ಚಮಚ ಇಟ್ಟೆ. ಹಾಡು ಬರುತ್ತದೋ, ನಗು ಬರುತ್ತದೋ, ಆಕಳಿಕೆಯೋ ಎಂದು ದುಂಡವ್ವ ಅವರ ತುಟಿಯನ್ನೇ ನೋಡುತ್ತಿದ್ದಳು. ಅತ್ತೆ ಬಹಳ ಹೊತ್ತು ಬಾಯಿ ಆಡಿಸಿದರು. ಆಮೇಲೆ ಅವರ ಮುಖದ ಮೇಲೆ ಏನೋ ಗಾಬರಿ ಬಂತು.

“ಸಾತವ್ವಾ,” ಅಂದರು ಮೆಲ್ಲಗೆ, “ನನಗ ಹಸಿವಾಗಾಕತ್ತೈತಿ.”

ನಾನೂ ತಿಂದೆ. ಹೊಟ್ಟೆಯ ತಳದಿಂದ ಹಸಿವು ಎದ್ದಿತು. ಹಗಲೆಲ್ಲ ಕಳೆ ಕಿತ್ತು ಬಂದಾಗ ಆಗುವಂಥ ಒಳ್ಳೆಯ ಹಸಿವು. ಹೀಗೊಂದು ಲಕ್ಷಣವಿದೆ ಎಂದು ಅತ್ತೆಯೂ ಹೇಳಿರಲಿಲ್ಲ, ಅವರ ಅತ್ತೆಯೂ ಹೇಳಿರಲಿಲ್ಲ. ಇದರ ಅರ್ಥ ಏನೆಂದು ನನಗೆ ಈಗಲೂ ಪೂರ್ತಿ ಗೊತ್ತಿಲ್ಲ, ಕಲಿಯುತ್ತಿದ್ದೇನೆ. ಆದರೆ ಆಗ ಹೇಳಬೇಕಾದದ್ದು ಗೊತ್ತಿತ್ತು. ಹೊಲ ಮಾತಾಡಿದೆ, ನೇಗಿಲು ಹೂಡು ಅಂದೆ. ದುಂಡವ್ವ ಅಲ್ಲೇ ಮಣ್ಣಿನ ಮೇಲೆ ಕೂತು, ಮುಂಗಾರಿನಿಂದ ತಡೆದುಕೊಂಡದ್ದನ್ನೆಲ್ಲ ಅತ್ತುಬಿಟ್ಟಳು. ಆಮೇಲೆ ಊರಿನವರು ಮತ್ತೆ ಹಾಲು ಕಾಸಿ ಹೂತು ಕಾದದ್ದು, ಗೌಡರ ಹೊಲ ಬಹಳ ಕಾಯಿಸಿ ಮಾತಾಡಿದ್ದು, ಕೆಲವು ಹೊಲಗಳು ಇವತ್ತಿಗೂ ಸುಮ್ಮನಿರುವುದು ಬೇರೆ ಸಂಗತಿ.

ಬದುವಿನ ಆಚೆ ಯಮನಪ್ಪ ತನ್ನ ಗಡಿಗೆಯ ಬಟ್ಟೆ ಬಿಚ್ಚಿ ಬಗ್ಗಿ ನೋಡುತ್ತಿದ್ದ. ಹೋಗಿ ನೋಡಿದೆ. ಹಾಲು. ಅವನು ಎದ್ದು ಮನೆಯ ಕಡೆ ನಡೆದ. ಸಿಟ್ಟಾದನೇನೋ ಅಂದುಕೊಂಡೆವು. ಹೊತ್ತು ಮುಳುಗಿ, ಊರ ಕಡೆ ಒಂದೊಂದೇ ದೀಪ ಹತ್ತುವಾಗ ಮತ್ತೆ ಬಂದ. ಕೈಯಲ್ಲಿ ಅಪ್ಪನ ಗಡಿಗೆಯಿತ್ತು. ಬದುವಿನ ಹತ್ತಿರ ನಿಂತ, ದಾಟಲಿಲ್ಲ.

“ತಂಗೀ,” ಅಂದ. ಗಡಿಗೆಯನ್ನು ಬದುವಿನ ಈಚೆ ಚಾಚಿದ. “ಇದನ್ನ ನೀ ಇಟ್ಕೋ. ನನಗ ಒಂದು ಬುಟ್ಟಿ ಮಣ್ಣು ಕೊಡು.”

ದುಂಡವ್ವ ಎದ್ದಳು. ಗಡಿಗೆಯನ್ನು ಅವನ ಕೈಯಿಂದ ತೆಗೆದುಕೊಂಡು, ಹೊಲದ ನಟ್ಟನಡುವೆ ಹೋಗಿ, ಎರಡೂ ಕೈಯಿಂದ ಬಗೆದು ಕುತ್ತಿಗೆಯವರೆಗೆ ಮಣ್ಣು ತುಂಬಿ ತಂದಳು. ತುಂಬಿದ ಗಡಿಗೆಯನ್ನು ಅವನ ಕೈಗೇ ಇಟ್ಟಳು.

“ಗಡಿಗಿ ನೀನ ಇಟ್ಕೋ ಅಣ್ಣಾ,” ಅಂದಳು. “ಮಣ್ಣು ಹೊಲಕ್ಕ ಹಾಕಿ, ಜಾಲಿಸಿ, ಮನ್ಯಾಗ ಮೊಸರು ಮಾಡ್ರಿ. ನಮ್ಮ ವೈನಿ ತಿಂದು ಹಾಡ್ತಾಳ.”

ದೀಪ ಹಚ್ಚಿದ ಮೇಲೆ ಹೆಪ್ಪು ಕೊಡಬಾರದು, ಆ ಮಣ್ಣೂ ಹೆಪ್ಪೇ. ನಾನು ಅತ್ತೆಯ ಕಡೆ ನೋಡಿದೆ. ಅವರೂ ನೋಡುತ್ತಲೇ ಇದ್ದರು, ಆದರೆ ಬೇಡ ಅನ್ನಲಿಲ್ಲ. ದುಂಡವ್ವನ ಗಡಿಗೆಯನ್ನು ತೊಡೆಯ ಮೇಲಿಟ್ಟುಕೊಂಡಿದ್ದರು, ಅವರ ಬಾಯಿ ತುಂಬ ಮೊಸರಿತ್ತು.